ಮಲ್ಲಿಗೆ ಮುಡಿದ ಮೊಲ

ಹಡಗಲಿಯ ಪಶು ಆಸ್ಪತ್ರೆಯ ಮೇಜಿನ ಮೇಲೆ ನಮ್ಮ ಎರಡು ಮೊಲಗಳನ್ನು ಇಳಿಸಿದೆ. ಒಂದು ತಲೆ ಕೊಡವುತ್ತ, ಕಿವಿ ಕೆರೆದುಕೊಳ್ಳುತ್ತ ಒದ್ದಾಡುತ್ತಿತ್ತು. ಇನ್ನೊಂದು ಸುಮ್ಮನೆ ಕೂತಿತ್ತು. ಒದ್ದಾಡುವುದೇ ಹೆಣ್ಣೆಂದು ತೀರ್ಮಾನಿಸಿದ್ದ ನಾನು, ಹೆಂಡತಿ ಮಾರಲು ಕಟ್ಟುತ್ತಿದ್ದ ಮಲ್ಲಿಗೆ ಮಾಲೆಯಲ್ಲಿ ದಿನಾ ಒಂದು ಗೇಣು ಕತ್ತರಿಸಿ ಅದರ ಕೊರಳಿಗೆ ಹಾಕುತ್ತಿದ್ದೆ.

“ಗಂಡು ನೋಡ್ರಿ, ಹೆಂಗ ಗಟ್ಟಿ ಅದಾನ. ಈ ಹೆಣ್ಣಿಂದು ಬರೇ ರಂಪ,” ಎಂದು ವೈದ್ಯೆಗೇ ಪಾಠ ಹೇಳಿದೆ. ಪಕ್ಕದಲ್ಲಿದ್ದ ಹೆಂಡತಿ ಮೊಲ ತಂದ ಬುಟ್ಟಿಯನ್ನು ಎಡಗೈಯಿಂದ ಕೆಳಗಿಟ್ಟಳು.

ವೈದ್ಯೆ ಎರಡನ್ನೂ ಅಂಗಾತ ಹಿಡಿದು ನೋಡಿದರು. “ನೀವು ಮಲ್ಲಿಗಿ ಹಾಕಿದ್ದು ಗಂಡು ಐತ್ರಿ. ಸುಮ್ನ ಕುಂತಿದ್ದು ಹೆಣ್ಣು. ಎರಡರ ಕಿವ್ಯಾಗೂ ನುಸಿ ಹುಳ ಅದಾವು, ಆದ್ರ ಈ ಹೆಣ್ಣಿಗೇ ಜಾಸ್ತಿ. ಪಾಪ, ತೋರಿಸಿಕೊಂಡಿಲ್ಲ ಅಷ್ಟ.”

ವಾಪಸ್ ಬರುವಾಗ ಬಸ್ಸಿನಲ್ಲಿ ಹೆಂಡತಿ ತನ್ನ ಬಲ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದುದು ಕಣ್ಣಿಗೆ ಬಿತ್ತು. ಎಷ್ಟು ದಿನದಿಂದ ನೋವು ಎಂದು ಕೇಳಿದೆ. “ದೀಪಾವಳಿಗಿಂತ ಮೊದ್ಲಿಂದ ಐತಿ,” ಎಂದಳು. ಆ ದೀಪಾವಳಿಯಲ್ಲಿ ನನಗೆ ನೆಗಡಿಯಾಗಿತ್ತು. ನನ್ನ ನರಳಾಟ ಕೇಳಲಾರದೆ ಮೂರು ದಿನ ಅವಳು ಅದೇ ಕೈಯಿಂದ ಶುಂಠಿ ಜಜ್ಜಿ ಕಷಾಯ ಕಾಸಿ ಕೊಟ್ಟಿದ್ದಳು.