ಮಾಮೂಗೇ ಹೋಗುತ್ತಿದ್ದ ಚೆಂಡು

ಗದಗ ಹೊಸ ಜಿಲ್ಲೆಯಾದ ಮರುವರ್ಷ ನಾನು ಅಲ್ಲಿಗೆ ಫುಟ್‌ಬಾಲ್ ಕೋಚ್ ಆಗಿ ಬಂದೆ. ಆಡಲು ಸರಿಯಾದ ಮೈದಾನವಿಲ್ಲ, ಆದರೂ ಜಿಲ್ಲೆಗೊಂದು ತಂಡ ಬೇಕೇ ಬೇಕೆಂದು ಮೇಲಿನವರ ಹಟ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಹಾಗಿದ್ದೂ ನನ್ನ ನೌಕರಿಯಲ್ಲಿ ಅಷ್ಟು ಸುಖದ ವರ್ಷ ಮತ್ತೆ ಬರಲಿಲ್ಲ. ನಾವು ಆಡುತ್ತಿದ್ದ ಬೆಟಗೇರಿಯ ಬಯಲಿನ ಧೂಳು ಈಗಲೂ ಮೂಗಿಗೆ ಬಡಿದಂತಾಗುತ್ತದೆ.

ಬರುವ ಸೀಸನ್ನಿಗೆ ನನಗೆ ಬೇಕಾಗಿದ್ದವನು ಸೆಂಟರ್ ಮಿಡ್‌ಫೀಲ್ಡರ್. ಮೈದಾನದ ನಡುವೆ ನಿಂತು, ಚೆಂಡು ಯಾರಿಗೆ ಹೋಗಬೇಕೆಂದು ನಿರ್ಧರಿಸುವ ಆಟಗಾರ. ಮುಳಗುಂದದ ಹತ್ತೊಂಬತ್ತರ ಇಮ್ತಿಯಾಜ್ ಆ ಜಾಗಕ್ಕೆ ಹೇಳಿ ಮಾಡಿಸಿದವನೆಂದು ಎಲ್ಲರೂ ಹೊಗಳಿದರು. ಆಯ್ಕೆ ಪಂದ್ಯ ಇಟ್ಟೆ. ಅವನ ತಂಡದಲ್ಲಿ ಮುಂದೆ ನಿಂತು ಗೋಲು ಹೊಡೆಯಬೇಕಾದ ಫಾರ್ವರ್ಡ್ ಅವನ ಸೋದರಮಾವ ಖಾದರಸಾಬ್. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡು, ಸಂಜೆ ಹುಡುಗನಿಗೆ ಆಟ ಕಲಿಸಿದವರು ಅವರೇ. ಮೂವತ್ತು ದಾಟಿದ್ದರೂ ಜಿಲ್ಲೆಯ ಪರವಾಗಿ ಒಮ್ಮೆ ಆಡಬೇಕೆಂಬ ಆಸೆ ಅವರಿಗಿತ್ತು.

ಇಮ್ತಿಯಾಜನ ಆಟ ನೋಡಿ ನಾನು ಮರುಳಾದೆ. ಆದರೆ ಸ್ವಲ್ಪ ಹೊತ್ತಿಗೇ ತಲೆ ಕೆಟ್ಟಿತು. ಎಡಗಡೆ ಅದೇ ತಂಡದ, ಶಿಗ್ಲಿ ಊರಿನ ಹುಡುಗನೊಬ್ಬ ಗೋಲಿನ ಎದುರು ಒಂಟಿಯಾಗಿ ಕೈ ಬೀಸುತ್ತಿದ್ದ. ಇಮ್ತಿಯಾಜ್ ಅವನನ್ನು ನೋಡುತ್ತಿದ್ದ, ಚೆಂಡನ್ನು ಮಾತ್ರ ಮಾವನಿಗೇ ಕೊಡುತ್ತಿದ್ದ. ಮಾವನನ್ನು ಇಬ್ಬರು ಮುತ್ತಿಕೊಂಡಿದ್ದರೂ ಅವರಿಗೇ. ಮೊದಲರ್ಧ ಗೋಲಿಲ್ಲದೆ ಮುಗಿಯಿತು.

“ಏನಲೇ, ಶಿಗ್ಲಿ ಹುಡುಗ ಕಾಣಲಿಲ್ಲೇನು ನಿನಗ?” ಎಂದು ಗದರಿದೆ.

“ಕಂಡಾನ್ರಿ ಸರ್,” ಎಂದು ತಲೆ ತಗ್ಗಿಸಿದ. “ಮಾಮೂಗ ಚೆಂಡು ಸಿಗದಿದ್ರ ನೀವು ಅವರನ್ನ ತಗೊಳ್ಳಂಗಿಲ್ಲರಿ. ಈ ಸಲ ತಪ್ಪಿದ್ರ ವಯಸ್ಸಾಗಿ ಅವರಿಗೆ ಮತ್ತ ಆಡಾಕ ಆಗೂದಿಲ್ಲ.”

ಹಿರಿಯರು ಉಣ್ಣುವ ಮೊದಲು ತುತ್ತು ಎತ್ತದ ಮನೆಯ ಹುಡುಗ. ಮೈದಾನದಲ್ಲೂ ಅದೇ ರೀತಿ ನಡೆದುಕೊಂಡಿದ್ದ. ಆದರೆ ಇಂಥ ದಾಕ್ಷಿಣ್ಯದವನನ್ನು ನಡುವೆ ನಿಲ್ಲಿಸಿದರೆ ತಂಡದ ಗತಿಯೇನು?

“ಹಿಂಗಾದ್ರ ನಿನ್ನನ್ನೂ ತಗೊಳ್ಳಂಗಿಲ್ಲ,” ಎಂದೆ.

ಪಕ್ಕದಲ್ಲಿ ನೀರು ಕುಡಿಯುತ್ತಿದ್ದ ಖಾದರಸಾಬರು ಅದನ್ನು ಕೇಳಿಸಿಕೊಂಡರು. ತಂಬಿಗೆ ಕೆಳಗಿಟ್ಟು ನನ್ನ ಬಳಿ ಬಂದರು.

“ಸರ್, ನನ್ನ ಮೊಣಕಾಲು ಹಿಡ್ಕೊಂಡೈತ್ರಿ. ಬ್ಯಾರೆದವ್ರನ್ನ ಇಳಸ್ರಿ.”

ಇಮ್ತಿಯಾಜ್ ಅವರ ಮುಖ ನೋಡಿದ. ಅವರು ಅತ್ತ ತಿರುಗಿ ಬೂಟು ಬಿಚ್ಚತೊಡಗಿದರು.

ಎರಡನೆಯರ್ಧದಲ್ಲಿ ಇಮ್ತಿಯಾಜ್ ಕೊಟ್ಟ ಪಾಸಿನಿಂದಲೇ ಶಿಗ್ಲಿಯ ಹುಡುಗ ಗೋಲು ಹೊಡೆದ. ಗೆರೆಯಾಚೆ ಬರಿಗಾಲಲ್ಲಿ ನಿಂತಿದ್ದ ಖಾದರಸಾಬರು ಎಲ್ಲರಿಗಿಂತ ಎತ್ತರ ಜಿಗಿದರು. ಮೊಣಕಾಲಿಗೆ ಏನೂ ಆಗಿರಲಿಲ್ಲ.

“ನಮ್ಮ ಹುಡುಗ ಹೆಂಗದಾನ್ರಿ?” ಎಂದು ಪಂದ್ಯ ಮುಗಿದ ಮೇಲೆ ಕೇಳಿದರು.

“ಬರೂ ವರ್ಷ ತಂಡ ನಡಸಾಂವ ಅಂವನ,” ಎಂದೆ. ಅವರು ಅಂಗಿಯ ಚುಂಗಿನಿಂದ ಮುಖ ಒರೆಸಿಕೊಂಡರು. ನನಗೂ ಕಣ್ಣು ತುಂಬಿ ಬಂತು.

ಅಂದಿನಿಂದ ನಿವೃತ್ತನಾಗುವವರೆಗೆ, ಯಾವ ಆಟಗಾರನಿಗೆ ತಂಡಕ್ಕೆ ಆಯ್ಕೆಯಾದ ಸುದ್ದಿ ಹೇಳುವ ಮುನ್ನವೂ ನಾನು ಒಂದು ಮಾತು ತಪ್ಪದೆ ಹೇಳುತ್ತಿದ್ದೆ: “ನಿನಗ ಆಟ ಕಲಿಸಿದವರು ಯಾರು? ಅವರನ್ನ ಕರಕೊಂಡು ಬಾ.”