ಕ್ಯಾಂಪಿನಜ್ಜ ತೋರಿಸಿದ ತೊಲೆ

ಕ್ಯಾಂಪಿನಜ್ಜನ ಬಲಗೈಯ ಎರಡು ಗೆಣ್ಣುಗಳು ಗೇರುಬೀಜದಷ್ಟು ದಪ್ಪಗೆ ಜಡ್ಡುಗಟ್ಟಿದ್ದವು. ಎಲ್ಲಿ ಮರ ಕಂಡರೂ ಅವುಗಳಿಂದ ಕುಟ್ಟಿ ಕಿವಿಗೊಡುತ್ತಿದ್ದರು.

ಕಾರ್ಕಳದ ಈಚೆ ಪದವು ಎನ್ನುವ ಬೋಳು ಗುಡ್ಡದ ಮೇಲೆ, ಹಿಂದೆ ಮಿಲಿಟರಿಯವರು ಬೀಡುಬಿಟ್ಟಿದ್ದ ಹಂಚಿನ ಕಟ್ಟಡಗಳಿಗೆ ಅವರು ಕಾವಲು. ಮಿಲಿಟರಿ ಹೋದ ಮೇಲೆ ಅಲ್ಲಿ ಗ್ರಾಮಸೇವಕರ ತರಬೇತಿ ನಡೆಯಿತು. ಅಡುಗೆಗೆ ಸೇರಿದ ಇವರು ಮೂಲೆಯ ಕೋಣೆಯಲ್ಲೇ ಉಳಿದರು. ತರಬೇತಿ ನಿಂತು ಹಾಸ್ಟೆಲ್ ಬಂತು, ಆಮೇಲೆ ಗೊಬ್ಬರದ ಗೋದಾಮು. ಕೀಲಿಗೊಂಚಲು ಮಾತ್ರ ಇವರ ಸೊಂಟದಲ್ಲೇ. "ಯಾರು ಬಂದರೂ ಬಾಗಿಲು ತೆಗೆಯಲಿಕ್ಕೆ ಒಬ್ಬ ಬೇಕಲ್ವಾ?" ಎನ್ನುತ್ತಿದ್ದರು.

ಕೊರೊನಾ ವರ್ಷ ಮುಂಬಯಿಯಿಂದ ಬಂದ ನಮ್ಮನ್ನು ಅಲ್ಲೇ ಕ್ವಾರಂಟೈನ್ ಮಾಡಿದರು. ಊರಿನವರು ಗೇಟಿನ ಹತ್ತಿರವೂ ಸುಳಿಯಲಿಲ್ಲ. ಅಜ್ಜ ಗಂಜಿ ತಂದು ಕಿಟಕಿಯಾಚೆ ಕೂತು ಮಾತಾಡುತ್ತಿದ್ದರು. ಹೊಟೇಲು ಮುಚ್ಚಿ ಬರಿಗೈಯಲ್ಲಿ ಬಂದಿದ್ದ ನಾನು, ಹೊತ್ತು ಹೋಗಲೆಂದು ತೊಲೆಗಳ ಬಗ್ಗೆ ಕೇಳಿದೆ.

"ಹೊಟೇಲಿನವನಿಗೆ ಮರದ ಸುದ್ದಿ ಎಂತಕ್ಕೆ ಮಾರಾಯ?" ಎಂದು ನಕ್ಕರು. ಆದರೂ ಕುಟ್ಟಿದ ಸದ್ದಿನಲ್ಲೇ ಮರದ ಗಟ್ಟಿ, ಟೊಳ್ಳು ತಿಳಿಯುವುದನ್ನು ಕಲಿಸಿದರು. ಕೆಡವಿದ ಮನೆಗಳ ಹಳೆ ಮರ ಕೊಂಡು ಮಾರುವ ನನ್ನ ಈಗಿನ ಸಂತೆಕಟ್ಟೆಯ ವ್ಯಾಪಾರ ಎದ್ದು ನಿಂತದ್ದು ಆ ಹದಿನಾಲ್ಕು ದಿನಗಳ ಕಲಿಕೆಯ ಮೇಲೆ.

ಕಳೆದ ವರ್ಷ ಜಾಗ ರೆಸಾರ್ಟಿನವರ ಪಾಲಾಯಿತು. ಅವರು ಕಟ್ಟಡಗಳನ್ನು ಕೆಡವಲಿದ್ದರು; ಅದರ ಮರ ಕೊಳ್ಳುವವನು ನಾನು. ನೋಡಲು ಹೋದಾಗ ಅಜ್ಜ ಅಂಗಳ ಗುಡಿಸಿ ಕಾದಿದ್ದರು. ಇನ್ನೊಂದು ಬೋರ್ಡು ಬರುತ್ತದೆ, ಅಷ್ಟೇ ಎಂದು ತಿಳಿದಿದ್ದರು. ನಾನು ತಿದ್ದಲಿಲ್ಲ. ವ್ಯಾಪಾರ ಕುದುರುವ ತನಕ ಬಾಯಿ ಬಿಡಬೇಡಿ ಎಂದು ನನ್ನಲ್ಲಿ ಕೆಲಸಕ್ಕೆ ಸೇರುವ ಹೊಸಬರಿಗೆ ಈಗಲೂ ಹೇಳುತ್ತೇನೆ.

ಒಂದೊಂದೇ ಬೀಗ ತೆಗೆದು, ತೊಲೆ ಕುಟ್ಟಿ, "ಇದು ಒಳಗೆ ಟೊಳ್ಳು" ಎಂದು ತೋರಿಸಿದರು. ಆ ಟೊಳ್ಳುಗಳನ್ನೇ ಹಿಡಿದು ರೆಸಾರ್ಟಿನವರೊಡನೆ ಚೌಕಾಶಿ ಮಾಡಿದೆ. ಕೊನೆಗೆ ತಮ್ಮ ಕೋಣೆಗೆ ಕರೆದೊಯ್ದು, ಮಂಚ ಹತ್ತಿ ಮೇಲಿನ ತೊಲೆ ಕುಟ್ಟಿದರು. "ಕೇಳು! ಇಡೀ ಕ್ಯಾಂಪಿನಲ್ಲಿ ಇಂಥದ್ದು ಇನ್ನೊಂದಿಲ್ಲ."

ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದುಕೊಂಡೆ.

"ಎಂತ ಬರೆದದ್ದು?"

"ಏನಿಲ್ಲ ಅಜ್ಜ, ಅಳತೆ."

ಜೆಸಿಬಿ ಬಂದ ದಿನ ಮ್ಯಾನೇಜರ್ ಕೀಲಿ ಕೇಳಿದ. ಅಜ್ಜ ಕೊಟ್ಟು ನನ್ನ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

"ನನ್ನ ಶೆಡ್ಡು ಉಂಟು ಅಜ್ಜ, ಅಲ್ಲಿಗೆ ಬನ್ನಿ" ಎಂದೆ.

"ಬೇಡ. ನನ್ನ ತಲೆ ಮೇಲಿದ್ದ ಮಾಡಿನ ತೊಲೆ ಅಲ್ಲಿ ಮಾರಾಟಕ್ಕೆ ಇರ್ತದಲ್ಲ. ಅದರ ಪಕ್ಕ ಹೇಗೆ ಮಲಗುವುದು?"

ಎರ್ಮಾಳಿನ ತಂಗಿಯ ಮನೆಗೆ ಹೋದವರು ಮಳೆಗಾಲ ಕಳೆಯುವ ಮೊದಲೇ ತೀರಿಕೊಂಡರು. ಸುದ್ದಿ ತಿಳಿದು ಹೋದೆ. ಆ ತಂಗಿ ಚಾ ಕೊಟ್ಟು ಕೇಳಿದರು: "ಅಣ್ಣನ ಹತ್ತಿರ ಮರ ನೋಡಲು ಕಲಿತವನೊಬ್ಬ ಇದ್ದಾನಂತೆ. ನಿಮಗೆ ಗುರುತುಂಟಾ?"

ಇಲ್ಲ ಎಂದೆ.