ಕ್ರಿಸ್ಮಸ್‌ಗೆ ಕೋಳಿ ಸಂಸಾರ ಹೂಡಿಕೊಡುವ ಅಪೊಲಿನ್ ಬಾಯಿ

ಡಿಸೆಂಬರ್ ಇಪ್ಪತ್ತನಾಲ್ಕು, ಬೆಳಗ್ಗೆ ಐದೂಮುಕ್ಕಾಲು. ತೋಡಾರಿನಿಂದ ಒಳಗೆ ಎರಡು ಕಿಲೋಮೀಟರ್ ದೂರದ ಪುಟ್ಟ ಚರ್ಚಿನ ಹಿಂಬದಿಯಲ್ಲಿ ಗದ್ದಲವೋ ಗದ್ದಲ. ಹದಿನೇಳು ಬುಟ್ಟಿಗಳು ಸಾಲಾಗಿವೆ. ಒಂದೊಂದರಲ್ಲೂ ಒಂದು ತಾಯಿಕೋಳಿ, ಅದರ ರೆಕ್ಕೆಯಡಿ ಆರೇಳು ಮರಿಗಳು. ಅಪೊಲಿನ್ ಮೊರಾಸ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೊಂದೇ ಬುಟ್ಟಿಯ ಬಾಯಿಗೆ ಬಲೆ ಕಟ್ಟುತ್ತಿದ್ದಾರೆ. ಶಾಫಿಯವರ ಗೂಡ್ಸ್ ರಿಕ್ಷಾ ಬಾಗಿಲಲ್ಲೇ ನಿಂತಿದೆ.

"ಶಾಫಿ, ಮೆಲ್ಲ ಮಾರಾಯ! ಅದು ಸಿಮೆಂಟು ಚೀಲ ಅಲ್ಲ."

"ಗೊತ್ತುಂಟು ಬಾಯಮ್ಮ. ಹೊಂಡ ಬಂದರೆ ಇಳಿದು ನೂಕಿಕೊಂಡು ಹೋಗ್ತೇನೆ, ಸಾಕಾ?"

ಇಬ್ಬರೂ ನಗುತ್ತಾರೆ. ಇವತ್ತು ಸಂಜೆಯೊಳಗೆ ಈ ಹದಿನೇಳು ಕೋಳಿ ಸಂಸಾರಗಳು ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಹದಿನೇಳು ಮನೆಗಳಿಗೆ ತಲುಪಬೇಕು.

ಊರಿಗೆಲ್ಲ 'ಬಾಯಮ್ಮ' ಆಗಿರುವ ಅಪೊಲಿನ್ ಅವರಿಗೆ ಐವತ್ತೆಂಟು. ಇಪ್ಪತ್ತಾರು ವರ್ಷಗಳಿಂದ ಈ ಚರ್ಚಿನ ಕಸ ಗುಡಿಸುತ್ತಾರೆ, ನೆಲ ಒರೆಸುತ್ತಾರೆ, ಹೂದಾನಿಗಳ ನೀರು ಬದಲಿಸುತ್ತಾರೆ. ಕೋಳಿ ಹಂಚುವ ವಿಚಾರ ಹುಟ್ಟಿದ್ದು ಅವರ ಬಾಯಿಂದಲೇ. ಇಲ್ಲಿ ಮೊದಲು ಕ್ರಿಸ್ಮಸ್‌ಗೆ ಚೀಟಿ ಎತ್ತಿ, ಹೆಸರು ಬಂದವರಿಗೆ ಗುಟ್ಟಾಗಿ ಉಡುಗೊರೆ ಕೊಡುವ ರೂಢಿಯಿತ್ತು. ಐದು ವರ್ಷಗಳ ಹಿಂದಿನ ಸಭೆಯಲ್ಲಿ, ಈ ಸಲ ಏನು ಕೊಡುವುದೆಂದು ಚರ್ಚೆ ನಡೆದಾಗ ಹಿಂದಿನ ಬೆಂಚಿನಿಂದ ಅವರು ಎದ್ದು ನಿಂತರಂತೆ. "ನನ್ನ ಮನೆಯಲ್ಲಿ ಈ ಚೀಟಿಯಿಂದ ಸಿಕ್ಕಿದ ನಾಲ್ಕು ಗೋಡೆ ಗಡಿಯಾರ ಉಂಟು. ನಾಲ್ಕೂ ಒಂದೇ ಟೈಮು ತೋರಿಸ್ತದೆ."

ಸಭೆ ಬಿದ್ದು ಬಿದ್ದು ನಕ್ಕಿತು. ಅವರು ಮಾತ್ರ ಕೂರಲಿಲ್ಲ. ಬಾವಿ ತೋಡುತ್ತಿದ್ದ ಗಂಡ ಮಣ್ಣು ಕುಸಿದು ತೀರಿಕೊಂಡಾಗ ಅವರ ಮಗಳಿಗೆ ನಾಲ್ಕು ವರ್ಷ. ಆ ಕಥೆಯನ್ನೇ ಅವತ್ತು ಹೇಳಿದರು. ಇವತ್ತು ಅವರ ಜತೆ ಹೊರಟಿರುವ ನನಗೂ ಹೇಳುತ್ತಾರೆ: "ಜನ ಅಕ್ಕಿ ಕೊಟ್ಟರು, ಮುಗಿಯಿತು. ಸೀರೆ ಕೊಟ್ಟರು, ಹರಿಯಿತು. ಕನ್ಯಾನದ ಅತ್ತಿಗೆ ಬಸ್ಸಲ್ಲಿ ಒಂದು ಹೇಂಟೆ ತಂದು ಕೊಟ್ಟಳು. ಅದು ಇನ್ನೂ ಮುಗಿಯಲಿಲ್ಲ ನೋಡಿ!" ಆ ಹೇಂಟೆಯ ಸಂತತಿಯ ಮೊಟ್ಟೆ ಮಾರಿಯೇ ಮಗಳನ್ನು ಓದಿಸಿದರು. ಮಗಳೀಗ ಉಜಿರೆಯ ಹಾಸ್ಟೆಲೊಂದರಲ್ಲಿ ವಾರ್ಡನ್.

ಅಂದಿನಿಂದ ಚೀಟಿ ಎತ್ತಿದವರು ಅದರಲ್ಲಿ ಹೆಸರು ಬಂದ ಗೆಳೆಯರಿಗೆ ಗಡಿಯಾರ ಕೊಡುವುದಿಲ್ಲ. ಗೆಳೆಯರ ಹೆಸರಿನಲ್ಲಿ ಕಷ್ಟದಲ್ಲಿರುವ ಮನೆಯೊಂದಕ್ಕೆ ಕೋಳಿ ಮತ್ತು ಮರಿಗಳನ್ನು ಕಳಿಸುತ್ತಾರೆ. ಗೆಳೆಯರಿಗೆ ಸಿಗುವುದು ಒಂದು ಕಾರ್ಡು, ಜತೆಗೆ ಕ್ರಿಸ್ಮಸ್‌ಗೆಂದೇ ಮಾಡುವ ನಾಲ್ಕು ಕುಸ್ವಾರ್ ತಿಂಡಿ, ಅಷ್ಟೇ. ಮರಿ ಮಾಡಿಸುವ ಕೆಲಸವೆಲ್ಲ ಅಪೊಲಿನ್ ಅವರದು. ಚರ್ಚಿನ ಹಿಂಬದಿಯ ಕೋಣೆಯಲ್ಲಿ ಹಳೆಯ ಫ್ರಿಜ್ಜಿನೊಳಗೆ ಬಲ್ಬು ಕೂರಿಸಿದ ಕಾವುಪೆಟ್ಟಿಗೆ, ನೂರ ಅರುವತ್ತು ಮೊಟ್ಟೆ, ಇಪ್ಪತ್ತೊಂದು ದಿನ. ದಿನಕ್ಕೆ ಮೂರು ಸಲ ಒಂದೊಂದೇ ಮೊಟ್ಟೆಯನ್ನು ತಿರುಗಿಸಬೇಕು. ಮರಿ ಸ್ವಲ್ಪ ದೊಡ್ಡದಾದ ಮೇಲೆ ತನ್ನ ಗೂಡಿನ ಒಂದೊಂದು ಕೋಳಿಯ ಜತೆ ಕಳಿಸಿಕೊಡುತ್ತಾರೆ.

ಈ ಸಲ ಅದೆಲ್ಲ ನೀರುಪಾಲಾಗುವುದರಲ್ಲಿತ್ತು. ನವೆಂಬರಿನ ಕೊನೆಯ ಭಾನುವಾರ ಬೆಳಗ್ಗೆ ಐದಕ್ಕೆ ಸಿಡಿಲು ಬಡಿದು ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಸೋಮವಾರ ಸಂಜೆಯವರೆಗೆ ಕರೆಂಟಿಲ್ಲ ಎಂದರು ಲೈನ್‌ಮನ್. ಚರ್ಚಿನ ಇನ್ವರ್ಟರ್ ಎರಡು ಗಂಟೆಯಲ್ಲೇ ಸುಸ್ತಾಯಿತು. ಮೊಟ್ಟೆಗಳಿಗೆ ಅವತ್ತು ಹನ್ನೆರಡನೇ ದಿನ. ಒಳಗೆ ಜೀವ ಆಡುತ್ತಿದೆ, ಹೊರಗೆ ತಣ್ಣಗಾಗುತ್ತಿದೆ. ಅಪೊಲಿನ್ ಅವರ ಕೋಳಿಗಳಲ್ಲಿ ಆಗ ಕಾವಿಗೆ ಕೂತದ್ದು ಒಂದೂ ಇರಲಿಲ್ಲ.

"ಪೆಟ್ಟಿಗೆಗೆ ಕಂಬಳಿ ಹೊದೆಸಿ ಓಡಿದೆ. ಫಾದರ್ ಪೂಜೆಗೆ ಹೊರಟು ನಿಂತಿದ್ದರು. ಅವರ ಕೈ ಹಿಡಿದೇಬಿಟ್ಟೆ. ಫಾದರ್, ನನಗೆ ಕಾವು ಕೂತ ಕೋಳಿ ಬೇಕು, ಈಗಲೇ ಬೇಕು ಅಂದೆ!"

ಫಾದರ್ ಸಿಪ್ರಿಯನ್ ಏಳೂವರೆಯ ಪೂಜೆಯನ್ನು ಶುರುಮಾಡುವ ಮೊದಲು ಮೈಕಿಲ್ಲದೆ ಕೂಗಿ ಹೇಳಿದರು: "ಯಾರ ಮನೆಯಲ್ಲಿ ಕಾವು ಕೂತ ಕೋಳಿ ಉಂಟೋ, ಅವರು ಎದ್ದು ಹೋಗಿ ತನ್ನಿ. ಪೂಜೆ ತಪ್ಪಿದ್ದು ನನ್ನ ಲೆಕ್ಕಕ್ಕಿರಲಿ." ಆರು ಜನ ಆ ಕ್ಷಣವೇ ಎದ್ದು ಹೊರಟರು. ಶಾಫಿ ತನ್ನ ಮೊಬೈಲಿನಿಂದ ಊರಿನ ಗ್ರೂಪಿಗೆಲ್ಲ ಧ್ವನಿ ಸಂದೇಶ ಕಳಿಸಿದರು.

ಎಲ್ಲರಿಗಿಂತ ಮೊದಲು ಬಂದವರು ಪೂವಮ್ಮ. ಎರಡು ವರ್ಷಗಳ ಹಿಂದೆ ಇದೇ ಚರ್ಚಿನಿಂದ ಕೋಳಿ ಪಡೆದ ಮನೆಯವರು. ಗುಡ್ಡ ಇಳಿದು ಏದುಸಿರು ಬಿಡುತ್ತ, ಕಂಕುಳಲ್ಲಿ ಕೆಂಪು ಕೋಳಿ ಅವುಚಿಕೊಂಡು ಬಂದಿದ್ದರು. "ಬಾಯಮ್ಮ, ಇದು ನೀವು ಕೊಟ್ಟದ್ದರ ಮಗಳು. ಹಿಡ್ಕೊಳ್ಳಿ, ಕುಟ್ಟುತ್ತದೆ ಜಾಗ್ರತೆ!"

ಆಮೇಲೆ ಬಂದವರನ್ನು ಎಣಿಸುವುದೇ ಕೆಲಸವಾಯಿತು. ರಸ್ತೆಯಾಚೆಯ ಸಮೀನಾ ಬಟ್ಟೆಯ ಬುಟ್ಟಿಯಲ್ಲಿ ಎರಡು ಕೋಳಿ ಇಟ್ಟು, ದುಪ್ಪಟ್ಟಾ ಮುಚ್ಚಿ, ಸ್ಕೂಟರಿನಲ್ಲಿ ತಂದರು. ಯೇಸು ಜನನದ ಗೋದಲಿ ಕಟ್ಟುತ್ತಿದ್ದ ಯುವಕರು ಅದಕ್ಕೆಂದು ತಂದಿಟ್ಟ ಬೈಹುಲ್ಲನ್ನೆಲ್ಲ ಗೂಡುಗಳಿಗೆ ಸುರಿದರು. ಪೂಜೆ ಮುಗಿಯುವ ಹೊತ್ತಿಗೆ ಹನ್ನೊಂದು ಕೋಳಿ, ಹತ್ತು ಗಂಟೆಗೆ ಹತ್ತೊಂಬತ್ತು! ಕಾವಿನ ಕೋಳಿಯ ಜಾಗ ಬದಲಿಸಿದರೆ ಅದು ಮುನಿದು ಎದ್ದುಹೋಗುವುದುಂಟು. ಅದಕ್ಕೇ ಚರ್ಚಿನ ಸಭಾಂಗಣದ ಕಿಟಕಿಗಳನ್ನು ಮುಚ್ಚಿ ಕತ್ತಲೆ ಮಾಡಿ, ಒಂದೊಂದರ ಅಡಿಗೆ ಒಂಬತ್ತು, ಹತ್ತು ಮೊಟ್ಟೆ ಸರಿಸಿದರು ಅಪೊಲಿನ್. ಹೊರಗೆ ಊರಿಗೆ ಊರೇ ಕಿಟಕಿಯ ಸಂದಿಗೆ ಕಿವಿಗೊಟ್ಟು ನಿಂತಿತ್ತು. ಎರಡು ಕೋಳಿಗಳು ಎದ್ದು ಹೋದವು. ಹದಿನೇಳು ಕೂತವು. ಕರೆಂಟು ಬಂದ ಮೇಲೂ ಅವನ್ನು ಯಾರೂ ಎಬ್ಬಿಸಲಿಲ್ಲ.

ಒಂಬತ್ತು ದಿನ ಯಾರಿಗೂ ಸಮಾಧಾನವಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: "ಒಡೆಯಿತಾ ಬಾಯಮ್ಮ?" ಹತ್ತನೇ ದಿನ ಬೆಳಗ್ಗೆ ಪೂವಮ್ಮನ ಕೆಂಪು ಕೋಳಿಯ ಅಡಿಯಿಂದ ಮೊದಲ ಚಿಲಿಪಿಲಿ ಕೇಳಿತು. ಮರುದಿನ ಸಂಜೆಗೆ ನೂರ ಹದಿನೆಂಟು ಮರಿ! "ನಾನು ಹೋಗಿ ಚರ್ಚಿನ ಗಂಟೆ ಹೊಡೆದೇಬಿಟ್ಟೆ. ಯಾರು ತೀರಿಹೋದರೋ ಅಂತ ಜನ ಓಡಿ ಬಂದರು. ಬೈಸಿಕೊಂಡೆ. ಆದರೂ ನಗು ನಿಲ್ಲಲಿಲ್ಲ."

ಈಗ ಇನ್ನೊಂದು ಫಜೀತಿ. ಕೋಳಿಗಳನ್ನು ಅವರವರ ಮನೆಗೆ ಹಿಂದಿರುಗಿಸಬೇಕಲ್ಲ? ಸಮೀನಾ ತನ್ನೆರಡನ್ನು ಒಯ್ಯಲು ಬಂದರು. ಎತ್ತಿಕೊಂಡದ್ದೇ ತಡ, ಮರಿಗಳೆಲ್ಲ ಅರಚುತ್ತ ಅವರ ಕಾಲಿಗೆ ಸುತ್ತಿಕೊಂಡವು. ಸಮೀನಾ ಕೋಳಿಗಳನ್ನು ಕೆಳಗೆ ಬಿಟ್ಟರು. "ತಾಯಿಯನ್ನು ಬಿಡಿಸಿ ನಾನು ಎಲ್ಲಿಗೆ ಹೋಗ್ಲಿ? ಇವು ಮಕ್ಕಳ ಜೊತೆಯೇ ಹೋಗ್ಲಿ ಬಾಯಮ್ಮ. ನಮ್ಮ ಮನೆಯ ಲೆಕ್ಕದಲ್ಲಿ ಕೊಡಿ." ಸುದ್ದಿ ಹಬ್ಬಿತು. ಉಳಿದವರೂ ಹಾಗೆಯೇ ಅಂದರು. ಹನ್ನೆರಡು ಮನೆಗೆಂದು ಹಾಕಿದ್ದ ಪಟ್ಟಿ ಹದಿನೇಳಕ್ಕೆ ಬೆಳೆದದ್ದು ಹೀಗೆ.

ರಿಕ್ಷಾ ಬೆಳ್ತಂಗಡಿ ಕಡೆಯ ಮೊದಲ ಮನೆ ಮುಟ್ಟುವಾಗ ಒಂಬತ್ತೂವರೆ. ಬೆನ್ನುನೋವಿನಿಂದ ರಬ್ಬರ್ ಟ್ಯಾಪಿಂಗ್ ಬಿಟ್ಟಿರುವ ಮೋಕ್ಷಿತಾ ಬುಟ್ಟಿಯೊಳಗೆ ಇಣುಕಿ, ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. "ಇಷ್ಟೂ ನಮಗಾ?"

"ಇಷ್ಟೂ ನಿಮಗೇ. ಎರಡು ದಿನ ಗೂಡಿನಿಂದ ಬಿಡಬೇಡಿ. ನೀರಿನ ತಟ್ಟೆಯಲ್ಲಿ ಕಲ್ಲು ಹಾಕಿಡಿ, ಮರಿ ಮುಳುಗಬಾರದು." ಅಪೊಲಿನ್ ಹೇಳುತ್ತಲೇ ಹೋಗುತ್ತಾರೆ. ಯಾರು ಕೊಟ್ಟದ್ದೆಂದು ಮೋಕ್ಷಿತಾ ಕೇಳಿದರೆ, ತೋಡಾರಿನವರು ಎಂದಷ್ಟೇ ಉತ್ತರ.

ಕೊನೆಯ ಬುಟ್ಟಿಯನ್ನೂ ಇಳಿಸಿ ಹಿಂದಿರುಗುವ ದಾರಿಯಲ್ಲಿ, ನಿಮಗೆ ಏನು ಉಡುಗೊರೆ ಬೇಕು ಎಂದು ನಾನು ಕೇಳುತ್ತೇನೆ. ಹೊಸ ಕಾವುಪೆಟ್ಟಿಗೆ ಕೊಡಿಸಲು ಫಾದರ್ ತಯಾರಿದ್ದಾರಂತೆ. ಅಪೊಲಿನ್ ಜೋರಾಗಿ ತಲೆಯಾಡಿಸುತ್ತಾರೆ.

"ಬೇಡ ಅಂದಿದ್ದೇನೆ. ಬರುವ ವರ್ಷ ಮೊಟ್ಟೆಯನ್ನು ಮನೆ ಮನೆಗೇ ಕೊಟ್ಟು ಬರುವ ಅಂತ ಉಂಟು, ಅಲ್ಲಿಯ ಕೋಳಿಗಳೇ ಕೂರಲಿ. ಒಡೆಯಿತಾ ಅಂತ ಈ ಸಲ ಎಲ್ಲರೂ ನನ್ನನ್ನು ಕೇಳಿದರಲ್ಲ, ಆಗ ನಾನು ಒಂದೊಂದು ಮನೆಗೆ ಹೋಗಿ ಕೇಳ್ಬಹುದು."